ಮೋಟರ್‌ಹೋಮ್ ಹಿಂದೆ ಕಾರ್ ಕಟ್ಕೊಂಡು ಹೋಗೋದು: ಬ್ರೇಕ್ ಬೇಕೇಬೇಕಾ, ಕಳಚ್ಕೊಂಡ್ರೆ ಯಾರ ತಲೆಗೆ?

ಹೊಸಗಾಲಿ
ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು. ನಾವಿರೋದು ಅಮೆರಿಕದಲ್ಲಿ. ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ಒಂದು ತಗೊಂಡ್ವಿ (ಒಳಗೇ ಮನೆ ಇರೋ ಬಸ್ಸಿನಂಥ ಗಾಡಿ), ಫೋರ್ಡ್ ಎಫ್-53 ಚಾಸಿ (ಗಾಡಿ ಕೂತಿರೋ ಚೌಕಟ್ಟು), ವಿ10 ಎಂಜಿನ್. ಮಾರಿದವರು ಅವರ ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ ಕೂಡ ಜೊತೇಲೇ ಕೊಟ್ರು, ಟೋ ಬಾರ್ (ಎಳೆಯೋ ಕಂಬಿ), ಬೇಸ್ ಪ್ಲೇಟ್ (ಅದನ್ನ ಜೀಪಿಗೆ ಸಿಗಿಸೋ ಪಟ್ಟಿ), ಕೇಬಲ್ಲು, ಲೈಟಿನ ವೈರು ಎಲ್ಲಾ ಇದೆ, ನಾಲ್ಕೂ ಚಕ್ರ ನೆಲದ ಮೇಲೇ ಉರುಳ್ಕೊಂಡು ಹಿಂದೆ ಬರುತ್ತೆ. ಜೀಪಿಗೆ ಬ್ರೇಕ್ ಹಾಕೋ ಸಿಸ್ಟಮ್ ಮಾತ್ರ ಇಲ್ಲ. ಕೇಳಿದ್ದಕ್ಕೆ "ಆರು ವರ್ಷ ಹಂಗೇ ಓಡ್ಸಿದೀನಿ, ಇಷ್ಟು ದೊಡ್ಡ ಗಾಡಿಗೆ ಆ ಜೀಪ್ ಹಿಂದಿದೆ ಅಂತಾನೂ ಗೊತ್ತಾಗಲ್ಲ" ಅಂದ್ರು. ನಂಗೆ ಎರಡು ಪ್ರಶ್ನೆ. ಒಂದು, ಬ್ರೇಕ್ ನಿಜವಾಗ್ಲೂ ಬೇಕಾ ಅಥವಾ ಅಂಗಡಿಯವರು ಮಾರೋಕೆ ಹೇಳೋದಾ? ಎರಡು, ನಂ ಮನೆಯವಳು ಕೇಳ್ತಿರೋದು, ಹಿಂದಿನ ಗಾಡಿ ಕಳಚ್ಕೊಂಡು ಯಾರಿಗಾದ್ರೂ ಹೊಡೆದ್ರೆ ಇನ್ಶೂರೆನ್ಸ್ ಯಾವುದು ಬರುತ್ತೆ, ಮೋಟರ್‌ಹೋಮ್‌ದಾ ಜೀಪ್‌ದಾ? ಎರಡೂ ಬೇರೆ ಬೇರೆ ಕಂಪನೀಲಿದೆ.

ರೋಡ್‌ರಂಗ
ವೆಲ್ಕಮ್ ಗುರು. ಮಾರಿದವರು ಹೇಳಿದ್ದು ಸರಿಯಾಗೇ ಇದೆ. ನಾನು ಡೀಸೆಲ್ ಪುಷರ್‌ನಲ್ಲಿ (ಎಂಜಿನ್ ಹಿಂದಿರೋ ದೊಡ್ಡ ಮೋಟರ್‌ಹೋಮ್) ಎಂಟು ವರ್ಷದಿಂದ ಕಾರ್ ಎಳೀತಿದೀನಿ, ಏರ್ ಬ್ರೇಕ್ ಇದೆ, ಎಕ್ಸಾಸ್ಟ್ ಬ್ರೇಕ್ ಇದೆ, ಹಿಚ್ (ಹಿಂದೆ ಸಿಗಿಸೋ ಕೊಂಡಿ) 10,000 ಪೌಂಡಿಂದು. ಒಂದೇ ಒಂದು ಸಲ ಕೂಡ ಹಿಂದಿಂದ ತಳ್ಳಿದ ಹಾಗೆ ಅನ್ಸಿಲ್ಲ. ದೂರ ಬಿಟ್ಟು ಓಡ್ಸು, ಇಳಿಜಾರಲ್ಲಿ ಗೇರ್ ಇಳ್ಸು, ಅಷ್ಟೇ. ಎಲ್ಲಾದಕ್ಕೂ ಒಂದೊಂದು ಡಬ್ಬ ಕೊಳ್ತಾ ಹೋದ್ರೆ ಗಾಡಿ ಓಡ್ಸೋಕೆ ದುಡ್ಡೇ ಉಳಿಯಲ್ಲ.

ಹಳೇಸ್ಪ್ಯಾನರ್
ರಂಗಣ್ಣ, ನಿಮ್ಮ ಎಂಟು ವರ್ಷದಲ್ಲಿ ಪೂರ್ತಿ ಜೋರಾಗಿ ಪೆಡಲ್ ಒತ್ತಿದ್ದು ಎಷ್ಟು ಸಲ? ಮೆಲ್ಲಗೆ ನಿಲ್ಸೋವಾಗ ಯಾರಿಗೂ ಗೊತ್ತಾಗಲ್ಲ, ಅದರಲ್ಲಿ ದೊಡ್ಡ ವಿಷ್ಯ ಏನಿಲ್ಲ. ಲೆಕ್ಕ ನೋಡಿ. ಹೊಸಗಾಲಿಯವರ ಗಾಡಿ 22,000 ಪೌಂಡ್ ಅಂತ ಇಟ್ಕೊಳ್ಳಿ, ಜೀಪ್ 4,400. ಪೂರ್ತಿ ಬ್ರೇಕ್ ಒತ್ತಿದಾಗ ನಿಲ್ಸೋ ಶಕ್ತಿ ಎಲ್ಲಾ ಮೋಟರ್‌ಹೋಮ್ ಟೈರಿಂದಾನೇ ಬರ್ಬೇಕು, ಜೀಪ್ ಟೈರು ಸುಮ್ನೆ ಉರುಳ್ತಿರುತ್ತೆ, ಏನೂ ಸಹಾಯ ಮಾಡಲ್ಲ, ಅದೇ ಶಕ್ತಿ ಈಗ 26,400 ಪೌಂಡ್ ನಿಲ್ಸ್‌ಬೇಕು. ಅಂದ್ರೆ ನಿಲ್ಲೋ ದೂರ ಐದನೇ ಒಂದು ಭಾಗ ಜಾಸ್ತಿ ಆಯ್ತು. ಮುಂಚೆ 200 ಅಡೀಲಿ ನಿಲ್ತಿದ್ದ ಗಾಡಿ ಈಗ 240. ಆ 40 ಅಡೀಲಿ ಎರಡೂವರೆ ಕಾರ್ ನಿಲ್ಲುತ್ತೆ.

ಇನ್ನೊಂದು ವಿಷ್ಯ ಜನ ಮರೀತಾರೆ. ಅರ್ಧ ಜಿ (ಗುರುತ್ವದ ಅರ್ಧ) ಅಷ್ಟು ಬ್ರೇಕ್ ಹಾಕಿದ್ರೂ ಬ್ರೇಕ್ ಇಲ್ದಿರೋ ಜೀಪು 2,200 ಪೌಂಡ್ ಬಲದಲ್ಲಿ ನಿಮ್ಮ ಹಿಚ್ಚನ್ನ ಮುಂದಕ್ಕೆ ತಳ್ಳುತ್ತೆ. ನೇರ ರೋಡಲ್ಲಿ ಸರಿ. ಒದ್ದೆ ರೋಡ್, ತಿರುವು, ಮುಂದೆ ಯಾರೋ ಸಡನ್ನಾಗಿ ಲೇನ್ ಬದಲಾಯಿಸಿದ್ರು ಅಂದ್ರೆ ಆ ತಳ್ಳು ಓರೆಯಾಗಿ ಬರುತ್ತೆ, ನಿಮ್ಮ ಹಿಂಭಾಗವನ್ನ ಪಕ್ಕಕ್ಕೆ ದಬ್ಬುತ್ತೆ.

ಮತ್ತೆ ಹೊಸಗಾಲಿ ಸರ್, ಮಾರಿದವರ ಮಾತು ಬಿಡಿ, ನಿಮ್ಮ ಚಾಸಿ ಮ್ಯಾನ್ಯುಯಲ್ ತೆಗೀರಿ. ಆ ಗಾಡಿ ಬ್ರೇಕ್ ಮಾಡಿರೋದು ಅದರ ಸ್ವಂತ ತೂಕ ನಿಲ್ಸೋದಕ್ಕೆ, ಅಂದ್ರೆ ಜಿವಿಡಬ್ಲ್ಯೂಆರ್‌ಗೆ (ಗಾಡಿ ಒಂದರದೇ ತುಂಬಿದ ತೂಕದ ಮಿತಿ). ಹಿಂದಿನ ಗಾಡಿ ಸೇರ್ಸಿ ಇರೋ ಜಿಸಿಡಬ್ಲ್ಯೂಆರ್ ಇದೆಯಲ್ಲ, ಅದು ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಷ್ಟು ಎಳೀಬಹುದು ಅನ್ನೋ ಲೆಕ್ಕ, ಅಷ್ಟು ತೂಕ ಒಂದೇ ಬ್ರೇಕಲ್ಲಿ ನಿಲ್ಲುತ್ತೆ ಅಂತ ಅಲ್ಲ. ಫೋರ್ಡ್ ಪ್ರಕಾರ 1,500 ಪೌಂಡ್ ದಾಟಿದ್ರೆ ಹಿಂದಿನ ಗಾಡಿಗೆ ಬೇರೆ ಬ್ರೇಕ್ ಬೇಕು.

ಕಡಲತಡಿ
ಎಂತ ಮಾರಾಯ್ರೆ, ಇದರಲ್ಲಿ ಚರ್ಚೆ ಮಾಡ್ಲಿಕ್ಕೆ ಎಂತ ಉಂಟು? ನಾನು ಬ್ರಿಟನ್ನಿನಲ್ಲಿ ಇರುವುದು. ಇಲ್ಲಿ ಇದಕ್ಕೆ ಎ-ಫ್ರೇಮ್ ಅಂತಾರೆ, ಕಾರು ಮತ್ತು ಎ-ಫ್ರೇಮ್ ಸೇರಿ ಕಾನೂನಿನ ಲೆಕ್ಕದಲ್ಲಿ ಒಂದು ಟ್ರೇಲರ್. 750 ಕಿಲೋ ದಾಟಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ, ಮತ್ತೆ ಬ್ರೇಕ್ ಇದ್ದರೆ ಸಾಲದು, ಕೆಲಸ ಮಾಡಬೇಕು. ಸಣ್ಣ ಕಾರೇ ಒಂದು ಟನ್ ಹತ್ರ ಇರ್ತದೆ, ಹಾಗಾಗಿ ಪ್ರಶ್ನೆಯೇ ಬರುವುದಿಲ್ಲ. ಅದನ್ನೇ ಕಟ್ಟಿಕೊಂಡು ಸ್ಪೇನಿಗೆ ಹೋದವರಿಗೆ ಪೊಲೀಸ್ ಹಿಡಿದು ದಂಡ ಹಾಕಿದ್ದುಂಟು, ಅಲ್ಲಿ ಅವರು ಇದನ್ನು ಟ್ರೇಲರ್ ಅಂತ ಒಪ್ಪುವುದಿಲ್ಲ, ಒಂದು ಗಾಡಿ ಇನ್ನೊಂದು ಗಾಡಿಯನ್ನು ಎಳೀತಾ ಉಂಟು ಅಂತ ನೋಡುವುದು. ಗಡಿ ದಾಟಿದರೆ ಕಾನೂನೂ ಬದಲು, ಅಷ್ಟೇ ಹೇಳಿದ್ದು.

ಹೊಸಗಾಲಿ
ಥ್ಯಾಂಕ್ಸ್ ಎಲ್ರಿಗೂ. ನಮ್ಮ ರಾಜ್ಯದಲ್ಲಿ 3,000 ಪೌಂಡ್ ಮೇಲೆ ಬ್ರೇಕ್ ಬೇಕು ಅಂತ ನೋಡ್ದೆ, ಆದ್ರೆ ಅಲ್ಲಿ "ಟ್ರೇಲರ್" ಅಂತ ಬರ್ದಿದಾರೆ. ಜೀಪ್ ಟ್ರೇಲರ್ ಅಲ್ವಲ್ಲ? ಯಾರೋ ಬೇರೆ ಕಡೆ ಹಂಗೇ ವಾದ ಮಾಡ್ತಿದ್ರು.

ರೋಡ್‌ರಂಗ
ಅದೇ ಪಾಯಿಂಟ್! ಕಾನೂನು ಕೇಳ್ದಿದ್ರೆ ನಾನ್ಯಾಕೆ ಹಾಕ್ಲಿ?

ಕ್ಲೇಮ್‌ಸೀತಾ
ನಮಸ್ಕಾರ, ನಾನು ಹದಿನಾಲ್ಕು ವರ್ಷ ವಾಹನ ಕ್ಲೇಮ್ ನೋಡೋ ಕೆಲಸ ಮಾಡ್ದೋಳು, ಈಗ ಬಿಟ್ಟಿದೀನಿ. ವಕೀಲೆ ಅಲ್ಲ, ನಿಮ್ಮ ಪಾಲಿಸಿ ನಾನು ಓದಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ಈ "ಟ್ರೇಲರ್ ಅಂತ ಬರೆದಿದೆ, ಕಾರ್ ಅಂತ ಬರೆದಿಲ್ಲ" ಅನ್ನೋ ವಾದ ಪೊಲೀಸ್ ಚೀಟಿ ಹರಿಯೋವಾಗ ಉಪಯೋಗಕ್ಕೆ ಬರ್ಬಹುದೇನೋ, ಯಾರಿಗೋ ಏಟಾಗಿ ಕೇಸ್ ಹಾಕಿದ್ಮೇಲೆ ಅದರಿಂದ ಏನೂ ಆಗಲ್ಲ.

ಯಾಕಂದ್ರೆ ಸಿವಿಲ್ ಕೇಸಲ್ಲಿ ಕೇಳೋ ಪ್ರಶ್ನೆನೇ ಬೇರೆ. ಬುದ್ಧಿ ಇರೋ ಮನುಷ್ಯ ಆ ಜಾಗದಲ್ಲಿ ಎಷ್ಟು ಎಚ್ಚರಿಕೆ ವಹಿಸ್ತಿದ್ದ, ನೀವು ಅಷ್ಟು ವಹಿಸಿದ್ರಾ, ಇಷ್ಟೇ ಪ್ರಶ್ನೆ. ಕಾನೂನಿನ ಮಿತಿ ಅನ್ನೋದು ಕನಿಷ್ಠ, ಅದನ್ನ ಪಾಲಿಸಿದೆ ಅಂದ ಮಾತ್ರಕ್ಕೆ ನಿರ್ಲಕ್ಷ್ಯ ಇಲ್ಲ ಅಂತ ಆಗಲ್ಲ. ಉಲ್ಲಂಘಿಸಿದ್ರೆ ಇನ್ನೂ ಕಷ್ಟ, ತುಂಬಾ ರಾಜ್ಯಗಳಲ್ಲಿ ಸುರಕ್ಷತೆಯ ಕಾನೂನು ಮುರಿದಿದ್ದೇ ನಿರ್ಲಕ್ಷ್ಯ ಅಂತ ತಗೋತಾರೆ. ಎದುರು ಕಡೆ ವಕೀಲರು ಮೊದಲು ತರಿಸ್ಕೊಳ್ಳೋ ಪುಸ್ತಕ ಯಾವುದು ಗೊತ್ತಾ? ಮೇಲೆ ಸ್ಪ್ಯಾನರ್ ಸರ್ ಹೇಳಿದ ಆ ಮ್ಯಾನ್ಯುಯಲ್. "1,500 ಪೌಂಡ್ ದಾಟಿದ್ರೆ ಬ್ರೇಕ್ ಬೇಕು ಅಂತ ಗಾಡಿ ಮಾಡ್ದೋರೇ ಬರೆದಿದಾರೆ, ಇವರ ಜೀಪ್ 4,400, ಪುಸ್ತಕ ಗಾಡಿ ಒಳಗೇ ಇತ್ತು." ಇದನ್ನ ಹನ್ನೆರಡು ಜನ ಜೂರಿ ಮುಂದೆ ಓದೋಕೆ ಒಂದು ನಿಮಿಷ ಸಾಕು.

ಈಗ ನಿಮ್ಮನೆಯವರು ಕೇಳಿದ ಪ್ರಶ್ನೆ, ಅದು ನಿಮ್ಮ ಪ್ರಶ್ನೆಗಿಂತ ಚೆನ್ನಾಗಿದೆ. ಸಾಮಾನ್ಯವಾಗಿ ಕಾರು ಮೋಟರ್‌ಹೋಮಿಗೆ ಕಟ್ಟಿರೋವಾಗ ಬೇರೆಯವರಿಗೆ ಆದ ಹಾನಿಗೆ ಎಳೆಯೋ ಗಾಡಿಯ ಲಯಬಿಲಿಟಿ ಬರುತ್ತೆ. ಕಾರಿಗೇ ಆದ ಡ್ಯಾಮೇಜು ಕಾರಿನ ಸ್ವಂತ ಪಾಲಿಸೀಲಿರೋ ಕೊಲಿಶನ್ ಕವರಿಂದ ಬರ್ಬೇಕು, ಮೋಟರ್‌ಹೋಮ್ ಪಾಲಿಸಿಯಿಂದ ಅಲ್ಲ. ಜನ ಬೀಳೋ ಹಳ್ಳ ಇಲ್ಲಿದೆ: "ಹೆಂಗಿದ್ರೂ ಹಿಂದೆ ಕಟ್ಕೊಂಡೇ ಹೋಗ್ತೀವಲ್ಲ, ಓಡ್ಸೋದು ಕಮ್ಮಿ" ಅಂತ ಕಾರಿನ ಕೊಲಿಶನ್ ತೆಗೆಸಿ ಬರೀ ಕಾಂಪ್ರಿಹೆನ್ಸಿವ್ ಇಟ್ಕೊಂಡಿರ್ತಾರೆ. ಹೆಸರು ಕೇಳಿದ್ರೆ ಎಲ್ಲಾ ಕವರ್ ಆಗುತ್ತೆ ಅನ್ಸುತ್ತೆ, ಆದ್ರೆ ಅದು ಕಳವು, ಬೆಂಕಿ, ಆಲಿಕಲ್ಲು ಇಂಥದಕ್ಕೆ. ಡಿಕ್ಕಿಗೆ ಒಂದು ರೂಪಾಯಿ ಬರಲ್ಲ. (ಡಾಲರ್ ಅನ್ಬೇಕಿತ್ತು, ಬಾಯಿ ಅಭ್ಯಾಸ.)

ಕಳಚ್ಕೊಂಡ ಮೇಲೆ ಇದೆ ನೋಡಿ ತಮಾಷೆ. ಕಟ್ಟಿದಾಗ ಒಂದು ಗಾಡಿ, ಬಿಡಿಸ್ಕೊಂಡು ತಾನಾಗೇ ಉರುಳಿ ಎದುರು ಲೇನಿಗೆ ಹೋದಾಗ ಅದು ಯಾರ ಗಾಡಿ? ಎರಡು ಕಂಪನಿ ಇದ್ರೆ ಅವರು ಇವರ ಕಡೆ, ಇವರು ಅವರ ಕಡೆ ಕೈ ತೋರಿಸ್ತಾರೆ, ಕೊನೆಗೆ ಇತ್ಯರ್ಥ ಆಗುತ್ತೆ, ಆದ್ರೆ ಅಲ್ಲಿವರೆಗೂ ಮಧ್ಯದಲ್ಲಿ ಸಿಕ್ಕಾಕ್ಕೊಳ್ಳೋದು ನೀವು. ಅದಕ್ಕೆ ಎರಡನ್ನೂ ಒಂದೇ ಕಂಪನೀಲಿಡಿ ಅಂತ ನಾನು ಮೊದಲಿಂದ್ಲೂ ಹೇಳೋದು. ಮತ್ತೆ ಏಜೆಂಟ್ ಹತ್ರ ಫೋನಲ್ಲಿ ಕೇಳ್ಬೇಡಿ, ಈಮೇಲಲ್ಲಿ ಕೇಳಿ: ನಾಲ್ಕು ಚಕ್ರ ನೆಲದ ಮೇಲಿಟ್ಟು ಎಳೆಯುವಾಗ ಕಾರು ಕಳಚಿ ಮೂರನೆಯವರಿಗೆ ಹಾನಿಯಾದರೆ ಯಾವ ಪಾಲಿಸಿ, ಎಷ್ಟು ಮಿತಿ ಅಂತ. ಉತ್ತರ ಬರಹದಲ್ಲಿರ್ಲಿ.

ಗಿರಣಿಗೌಡ್ರು
ಮೇಡಂ ಭಾಳ ಛಲೋ ಹೇಳೀರಿ. ನಂದೊಂದು ಮಾತು ಸೇರಸ್ತೀನ್ರೀ. ಬ್ರೇಕ್ ಬ್ರೇಕ್ ಅಂತ ಎಲ್ಲಾರೂ ಅಂತೀರಿ, ಮೊದಲು ತೂಕ ಮಾಡಸ್ರೀ. ಹಿಚ್ ಮ್ಯಾಲೆ 5,000 ಅಂತ ಬರದೈತಿ ಅಂದ್ರ 5,000 ಎಳೀಬಹುದು ಅಂತ ಅಲ್ರೀ ಅದು. ಹಿಚ್, ಡ್ರಾಪ್ ರಿಸೀವರ್ (ಟೋ ಬಾರಿನ ಎತ್ತರ ಹೊಂದಸೂ ತುಂಡು), ಟೋ ಬಾರ್, ಬೇಸ್ ಪ್ಲೇಟ್, ಜಿಸಿಡಬ್ಲ್ಯೂಆರ್‌ನಾಗ ಉಳಿದ ತೂಕ, ಇಷ್ಟರಾಗ ಯಾವ್ದು ಎಲ್ಲಾಕ್ಕಿಂತ ಸಣ್ಣದೈತಿ ಅದಾ ನಿಮ್ಮ ಮಿತಿ. ಎಫ್-53ನಾಗ 22,000 ಚಾಸಿ ಭಾಳ ಮಂದಿ ಕಡೆ ಐತಿ, ಅದರ ಒಟ್ಟು ಮಿತಿ 26,000. ಗಾಡಿ ಪೂರ್ತಿ ತುಂಬಿಸಿದ್ರ ಉಳಿಯೂದು 4,000, ಹಿಚ್ ಮ್ಯಾಲೆ ಏನರ ಬರೀಲಿ. ಟ್ರಕ್ ಸ್ಟಾಪಿನಾಗ ಕ್ಯಾಟ್ ಸ್ಕೇಲ್ (ಲಾರಿ ತೂಗೂ ಕಾಟಾ) ಇರ್ತೈತಿ, ಅಡಗಿ ಸಾಮಾನು, ನೀರು, ಹೆಂಡ್ತಿ ಮಕ್ಕಳು ಎಲ್ಲಾರನೂ ಕೂರಿಸಿಕೊಂಡ ಹೋಗ್ರಿ, ಖಾಲಿ ಗಾಡಿ ತೂಗಿಸಿ ಏನ್ ಮಾಡ್ತೀರಿ.

ಗಾಲಿಗಂಗಾ
ನಾನು ಬರೀಬಾರ್ದು ಅನ್ಕೊಂಡಿದ್ದೆ, ಓದ್ತಾ ಓದ್ತಾ ತಡ್ಕೊಳ್ಳೋಕಾಗ್ಲಿಲ್ಲ. ನಮಗೆ ಕಳಚ್ಕೊಂಡಿತ್ತು. ಎರಡು ವರ್ಷದ ಹಿಂದೆ.

ಮಧ್ಯಾಹ್ನ ಒಂದು ಗ್ಯಾಸ್ ಸ್ಟೇಷನ್ನಿಗೆ ನುಗ್ಗಿದ್ವಿ, ಪಂಪ್ ಆದ್ಮೇಲೆ ನೋಡಿದ್ರೆ ಮುಂದೆ ತಿರುಗೋಕೆ ಜಾಗ ಇಲ್ಲ. ನಾಲ್ಕೂ ಚಕ್ರ ನೆಲದ ಮೇಲಿದ್ರೆ ರಿವರ್ಸ್ ಹೋಗೋ ಹಾಗಿಲ್ಲ ಅಂತ ಗೊತ್ತಿರ್ಬೇಕಲ್ಲ ಎಲ್ರಿಗೂ, ಹಿಂದಕ್ಕೆ ತಳ್ಳಿದ್ರೆ ಕಾರಿನ ಮುಂದಿನ ಚಕ್ರ ಒಂದು ಕಡೆಗೆ ಪೂರ್ತಿ ತಿರುಚ್ಕೊಂಡು ಅಡ್ಡ ನಿಂತ್ಬಿಡುತ್ತೆ, ಟೋ ಬಾರ್ ಬಗ್ಗುತ್ತೆ. ಸರಿ, ಬಿಚ್ಚಬೇಕು. ಗಾಡಿ ಓರೆಯಾಗಿ ನಿಂತಿತ್ತು, ಟೋ ಬಾರಿನ ಒಂದು ಕಾಲು ಬಿಗಿದು ಪಿನ್ ಬರ್ತಾನೇ ಇಲ್ಲ. ಹಿಂದೆ ನಾಲ್ಕು ಕಾರು ಹಾರ್ನ್ ಹೊಡೀತಿದಾರೆ, ಬಿಸಿಲು, ನಮ್ಮೋರು ಸುತ್ತಿಗೇಲಿ ಹೊಡೆದು ಪಿನ್ ಬಿಡಿಸಿದ್ರು, ಕಾರ್ ಪಕ್ಕಕ್ಕೆ ತಗೊಂಡ್ವಿ, ಬಸ್ಸು ತಿರುಗಿಸಿ ರೋಡ್ ಪಕ್ಕ ನಿಲ್ಸಿ ಮತ್ತೆ ಕಟ್ಟಿದ್ವಿ. ನಾನು ಕೇಬಲ್ ಹಾಕ್ದೆ, ಅವರು ಪಿನ್ ಹಾಕಿದ್ರು. ಪಿನ್ನಿನ ತುದೀಲಿ ಒಂದು ಸಣ್ಣ ಕ್ಲಿಪ್ ಹಾಕ್ಬೇಕಲ್ಲ, ಪಿನ್ ಜಾರ್ದೆ ಇರ್ಲಿ ಅಂತ, ಎಡಗಡೆದಕ್ಕೆ ನಾನು ಹಾಕಿದೀನಿ ಅಂತ ಅವರು, ಅವರು ಹಾಕಿದಾರೆ ಅಂತ ನಾನು.

ಹದಿನೈದು ಮೈಲಿ ಆದ್ಮೇಲೆ ಕ್ಯಾಮೆರಾದಲ್ಲಿ ನೋಡ್ತೀನಿ, ಕಾರು ನಮ್ಮ ಹಿಂದೆ ನೇರ ಇಲ್ಲ, ಒಂದು ಪಕ್ಕಕ್ಕೆ ಜಗ್ಗಿದ ಹಾಗೆ ಬರ್ತಿದೆ. ಎಡಗಡೆ ಪಿನ್ ಬಿದ್ದೋಗಿತ್ತು. ಅವರು ಬ್ರೇಕ್ ಮುಟ್ತಿದ್ದ ಹಾಗೇ ಬಲಗಡೆದೂ ತಿರುಚಿ ಮುರೀತು. ಟೋ ಬಾರ್ ನೆಲಕ್ಕೆ ಬೀಳ್ಲಿಲ್ಲ, ಯಾಕಂದ್ರೆ ಕೇಬಲ್ ಎರಡನ್ನೂ ಕೆಳಗಡೆಯಿಂದ ಅಡ್ಡಡ್ಡ ಕತ್ತರಿ ಥರ ಹಾಕಿದ್ದೆ, ತೊಟ್ಟಿಲು ಹಿಡಿದ ಹಾಗೆ ಹಿಡ್ಕೊಂಡಿತ್ತು. ಬ್ರೇಕ್‌ಅವೇ ವೈರ್ (ಕಾರು ಕಳಚಿದ್ರೆ ತಾನಾಗೇ ಬ್ರೇಕ್ ಹಾಕೋ ಸ್ವಿಚ್ಚಿನ ವೈರ್) ಎಳೆದು ಸ್ವಿಚ್ಚಿನ ಪಿನ್ ಕಿತ್ಕೊಂಡು ಕಾರಿನ ಬ್ರೇಕ್ ತಾನಾಗೇ ಹಿಡೀತು. ನಿಂತ್ವಿ. ಕಾರಿನ ಮುಂದಿನ ಬಂಪರ್ ನಮ್ಮ ಏಣಿಗೆ ತಗಲ್ಕೊಂಡು ನಜ್ಜುಗುಜ್ಜು. ಯಾರಿಗೂ ಏನೂ ಆಗ್ಲಿಲ್ಲ. ಇಳಿದು ನೋಡಿದ್ರೆ ಆ ಕ್ಲಿಪ್ ನನ್ನ ಜೀನ್ಸ್ ಜೇಬಲ್ಲೇ ಇತ್ತು.

ಹೊಸಗಾಲಿ
ಅಯ್ಯೋ ಮೇಡಂ. ಓದಿ ಕೈ ತಣ್ಣಗಾಯ್ತು.

ಹಳೇಸ್ಪ್ಯಾನರ್
ಗಂಗಾ ಮೇಡಂ, ಬರೆದಿದ್ದು ಒಳ್ಳೇದಾಯ್ತು. ಹೊಸಬರು ಇದರಲ್ಲಿ ಎರಡು ವಿಷ್ಯ ಗಮನಿಸ್ಬೇಕು. ಕೇಬಲ್ ಅಡ್ಡ ಹಾಕೋದು ಅಲಂಕಾರಕ್ಕಲ್ಲ, ಟೋ ಬಾರ್ ನೆಲಕ್ಕೆ ಚುಚ್ಚಿದ್ರೆ ಕಾರು ಅದರ ಮೇಲೇ ಎಗರುತ್ತೆ. ಎರಡನೇದು, ಬ್ರೇಕ್‌ಅವೇ ವೈರನ್ನ ಟೋ ಬಾರಿಗೋ ಸೇಫ್ಟಿ ಕೇಬಲ್ಲಿಗೋ ಡ್ರಾಪ್ ರಿಸೀವರಿಗೋ ಸಿಗಿಸೋರನ್ನ ನಾನು ತುಂಬಾ ನೋಡಿದೀನಿ. ಆ ಡ್ರಾಪ್ ರಿಸೀವರೇ ಪಿನ್ ಬಿದ್ದು ಹೊರಗೆ ಬಂದ್ರೆ? ವೈರೂ ಅದರ ಜೊತೆಗೇ ಹೋಗುತ್ತೆ, ಎಳೆಯೋರೇ ಇಲ್ಲ, ಸ್ವಿಚ್ಚಿಗೆ ಕಳಚಿದ್ದೇ ಗೊತ್ತಾಗಲ್ಲ. ಮೋಟರ್‌ಹೋಮಿನ ಚಾಸಿಗೆ ಬೆಸುಗೆ ಹಾಕಿರೋ, ತೆಗೆಯೋಕಾಗದಿರೋ ಭಾಗಕ್ಕೇ ಸಿಗಿಸಿ. ತಿರುವಲ್ಲಿ ಬಿಗಿಯಾಗ್ದಿರೋ ಅಷ್ಟು ಸಡಿಲ ಇರ್ಲಿ, ನೆಲಕ್ಕೆ ಉಜ್ಜೋ ಅಷ್ಟು ಬೇಡ.

ಕ್ಲೇಮ್‌ಸೀತಾ
ಗಂಗಾ, ಒಂದು ಕೇಳ್ತೀನಿ ಬೇಜಾರಾಗ್ಬೇಡಿ. ಆ ಮುರಿದ ಪಿನ್, ಬಾರ್ ಎಲ್ಲಾ ಏನ್ ಮಾಡಿದ್ರಿ?

ಗಾಲಿಗಂಗಾ
ಗ್ಯಾರೇಜಿನವರು ಕಸಕ್ಕೆ ಹಾಕಿದ್ರು ಅನ್ಸುತ್ತೆ ಅಕ್ಕಾ. ಯಾಕೆ?

ಕ್ಲೇಮ್‌ಸೀತಾ
ನಿಮ್ಮ ವಿಷ್ಯದಲ್ಲಿ ಯಾರಿಗೂ ಏಟಾಗ್ಲಿಲ್ಲ, ಬಿಡಿ. ಆದ್ರೆ ಬೇರೆಯವರಿಗೆ ಏಟಾಗಿದ್ರೆ ಒಂದು ನಟ್ಟೂ ಎಸೀಬಾರ್ದು. ಮುರಿದ ಭಾಗ ನೋಡಿ ಎಂಜಿನಿಯರ್ ಹೇಳ್ತಾರೆ, ಇದು ಲೋಹದ ದೋಷವಾ, ಬೆಸುಗೆ ಸರಿಯಿಲ್ವಾ, ಬೋಲ್ಟ್ ಸಡಿಲ ಆಗಿತ್ತಾ, ಅಥವಾ ಓವರ್‌ಲೋಡಾ ಅಂತ. ದೋಷ ಇದ್ರೆ ಮಾಡ್ದೋರ ಮೇಲೆ ಹೋಗುತ್ತೆ, ಕೂರಿಸಿದ್ದು ತಪ್ಪಿದ್ರೆ ಅಂಗಡಿಯವರ ಮೇಲೆ ಹೋಗುತ್ತೆ. ಭಾಗ ಎಸೆದ್ರೆ ಆ ದಾರಿ ಮುಚ್ತು, ಮೇಲಿಂದ ಸಾಕ್ಷ್ಯ ನಾಶ ಮಾಡಿದ್ರು ಅಂತ ನಿಮ್ಮ ಮೇಲೇ ತಿರುಗಿಸ್ತಾರೆ. ಅಲ್ಲೇ ರೋಡಲ್ಲೇ ಫೋಟೋ, ಆಮೇಲೆ ಒಂದು ಡಬ್ಬಕ್ಕೆ ಹಾಕಿ ಇಟ್ಕೊಳ್ಳೋದು.

ನಾನು ನೋಡಿದ ಒಂದು ಕೇಸಲ್ಲಿ ಬೇಸ್ ಪ್ಲೇಟ್ ಬೋಲ್ಟ್ ಸಡಿಲ ಆಗಿ ಒಂದೊಂದೇ ಬಿದ್ದಿತ್ತು. ಹಾಕಿ ಮೂರು ವರ್ಷ, ಒಂದು ಸಲಾನೂ ಟಾರ್ಕ್ (ಬೋಲ್ಟ್ ಎಷ್ಟು ಬಿಗಿ ಇದೆ ಅಂತ) ನೋಡ್ಸಿಲ್ಲ. ಅಂಗಡಿಯವರ ಹತ್ರ "ಇಷ್ಟು ಮೈಲಿ ಆದ್ಮೇಲೆ ಮರು ಪರೀಕ್ಷೆ ಮಾಡಿಸಿ" ಅಂತ ಮಾಲೀಕರು ಸಹಿ ಹಾಕಿದ ಹಾಳೆ ಇತ್ತು. ಮಾಲೀಕರ ಹತ್ರ ಏನೂ ಇರ್ಲಿಲ್ಲ. ಮುಂದೆ ಏನಾಯ್ತು ನೀವೇ ಊಹಿಸ್ಕೊಳ್ಳಿ.

ಟೀ_ಬ್ರೇಕ್
ಮಧ್ಯದಲ್ಲಿ ಬಂದೆ, ಕ್ಷಮಿಸಿ. ಇಲ್ಲಿನವರು ಹಿಂದೆ ಎಳ್ಕೊಂಡು ಬರೋ ಕಾರಿಗೆ "ಟೋಡ್" ಅಂತಾರಲ್ಲ, ನಾನು ಒಂದು ವರ್ಷ ಅದು ಕಪ್ಪೆ ಅಂತಾನೇ ಅನ್ಕೊಂಡಿದ್ದೆ, ಯಾಕಪ್ಪಾ ಎಲ್ರೂ ಕಪ್ಪೆಗೆ ಲೈಟ್ ಹಾಕ್ಸ್ತಾರೆ ಅಂತ 😀 ಸರಿ, ನನ್ನ ಡೌಟು: ನಮ್ಮದು ಹೋಂಡಾ ಸಿಆರ್-ವಿ 2016. ಫ್ರೆಂಡಿನ 2012ನ ಅವರು ನಾಲ್ಕು ಚಕ್ರದ ಮೇಲೇ ಎಳೀತಾರೆ. ನಂದೂ ಎಳೀಬಹುದು ತಾನೆ?

ಹಳೇಸ್ಪ್ಯಾನರ್
ಬೇಡ! 2014ವರೆಗಿನ ಸಿಆರ್-ವಿಗೆ ಹೋಂಡಾದವರೇ ಅವಕಾಶ ಕೊಟ್ಟಿದ್ರು, ಗೇರ್ ಇಂತಿಂಥ ಕ್ರಮದಲ್ಲಿ ಹಾಕಿ ಮೂರು ನಿಮಿಷ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡ್ಸಿ ಅಂತೆಲ್ಲ ಮ್ಯಾನ್ಯುಯಲಲ್ಲಿ ಇತ್ತು. 2015ರಿಂದ ಸಿವಿಟಿ ಅನ್ನೋ ಬೇರೆ ಥರದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಂತು, ಅದನ್ನ ಹಂಗೆ ಎಳೆಯೋ ಹಾಗಿಲ್ಲ. ತುಂಬಾ ಆಟೊಮ್ಯಾಟಿಕ್ ಗೇರ್‌ಬಾಕ್ಸಲ್ಲಿ ಎಣ್ಣೆ ಪಂಪ್ ಓಡೋದು ಎಂಜಿನ್ನಿಂದ, ಎಂಜಿನ್ ಆಫ್ ಇದ್ದು ಚಕ್ರ ಮಾತ್ರ ತಿರುಗಿದ್ರೆ ಒಳಗಿನ ಭಾಗ ಒಣಗಿ ಸುಟ್ಟೋಗುತ್ತೆ. ನಿಮ್ಮದು ಮುಂದಿನ ಚಕ್ರದ ಡ್ರೈವ್ ಆದ್ರೆ ಡಾಲಿ (ಎರಡು ಚಕ್ರದ ಸಣ್ಣ ಟ್ರೇಲರ್) ಮೇಲೆ ಮುಂದಿನ ಎರಡು ಚಕ್ರ ಎತ್ತಿ ಕಟ್ಬಹುದು. ನಾಲ್ಕೂ ಚಕ್ರಕ್ಕೆ ಡ್ರೈವ್ ಇರೋದಾದ್ರೆ ಪೂರ್ತಿ ಟ್ರೇಲರ್ ಮೇಲೇ ಹತ್ತಿಸ್ಬೇಕು. ಎಲೆಕ್ಟ್ರಿಕ್ ಕಾರ್ ಇಟ್ಕೊಂಡಿರೋರಿಗೂ ಅದೇ ಮಾತು, ಟೆಸ್ಲಾ ಮ್ಯಾನ್ಯುಯಲ್ ಚಕ್ರ ನೆಲದ ಮೇಲಿಟ್ಟು ಎಳೀಲೇಬೇಡಿ ಅನ್ನುತ್ತೆ, ಚಕ್ರ ತಿರುಗಿದ್ರೆ ಮೋಟರ್ ಕರೆಂಟ್ ಹುಟ್ಟಿಸುತ್ತೆ, ಬಿಸಿಯಾಗುತ್ತೆ.

ಹೊಸಗಾಲಿ ಸರ್, ನಿಮ್ಮ ರ‍್ಯಾಂಗ್ಲರ್ ಇದಕ್ಕೆ ಹೇಳಿ ಮಾಡಿಸಿದ ಗಾಡಿ. ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿಂದ ಚಕ್ರಗಳಿಗೆ ಶಕ್ತಿ ಹಂಚೋ ಪೆಟ್ಟಿಗೆ) ನ್ಯೂಟ್ರಲ್, ಆಟೊಮ್ಯಾಟಿಕ್ ಆದ್ರೆ ಗೇರ್ ಪಾರ್ಕಲ್ಲಿ, ಹ್ಯಾಂಡ್‌ಬ್ರೇಕ್ ಬಿಡೋದು, ಸ್ಟೀರಿಂಗ್ ಲಾಕ್ ಆಗಿರ್ಬಾರ್ದು. ಪಾರ್ಕ್ ಅಂದಾಗ ಎಲ್ರೂ ಗಾಬರಿಯಾಗ್ತಾರೆ, ಟ್ರಾನ್ಸ್‌ಫರ್ ಕೇಸ್ ಬಿಡಿಸಿದ್ರೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧನೇ ಇರಲ್ಲ. ಕಟ್ಟಿದ್ಮೇಲೆ ಹತ್ತಿಪ್ಪತ್ತು ಅಡಿ ಮುಂದೆ ಎಳೆದು ನಾಲ್ಕೂ ಚಕ್ರ ತಿರುಗ್ತಿದೆಯಾ ಅಂತ ಒಬ್ರು ಹೊರಗೆ ನಿಂತು ನೋಡ್ಲಿ. ಟೋ ಬಾರಿನ ಎರಡೂ ಕಾಲು ಟಕ್ ಅಂತ ಲಾಕ್ ಆಗೋದೂ ಆವಾಗ್ಲೇ.

ರೋಡ್‌ರಂಗ
ಹ್ಯಾಂಡ್‌ಬ್ರೇಕ್ ಅಂದ್ರಲ್ಲ, ಅದೊಂದು ನಾನು ಒಪ್ಕೋತೀನಿ. ಒಂದು ಸಲ ಮರೆತಿದ್ದೆ. ಆರು ಮೈಲಿ. ಪಕ್ಕದ ಟ್ರಕ್ಕಿನವನು ಹಾರ್ನ್ ಹೊಡೆದು ಕೈಸನ್ನೆ ಮಾಡ್ತಿದಾನೆ, ನಾನು ಸ್ನೇಹದಿಂದ ಅಂತ ತಿರುಗಿ ಕೈ ಬೀಸ್ದೆ. ಹಿಂದಿನ ಎರಡೂ ಟೈರ್ ಹೊಗೆ. ನನ್ನ ಗಾಡಿಗೆ ಒಂಚೂರೂ ಎಳೆದ ಹಾಗೆ ಆಗ್ಲಿಲ್ಲ.

ಗಿರಣಿಗೌಡ್ರು
ರಂಗಣ್ಣಾರ, ಅದಾ ನೋಡ್ರಿ ಮಾತು! ಹಿಂದಿನ ಗಾಡಿ ಟೈರ್ ಸುಡಾಕತ್ತಿದ್ರೂ ನಿಮ್ಗ ಗೊತ್ತಾಗ್ಲಿಲ್ಲ ಅಂದ್ರ, "ನಂಗೇನೂ ಅನ್ಸಿಲ್ಲ" ಅನ್ನೂದನ್ನ ಬ್ರೇಕಿಗೆ ಪುರಾವೆ ಅಂತ ಹೆಂಗ ಕೊಡ್ತೀರಿ?

ರೋಡ್‌ರಂಗ
ಸಿಕ್ಕಾಕ್ಕೊಂಡೆ ಬಿಡಿ ಗೌಡ್ರೇ. ಆದ್ರೂ ನಂ ಹಿಚ್ ದೊಡ್ಡದು.

ಟೀ_ಬ್ರೇಕ್
ಟೈರ್ ಪ್ರೆಶರ್ ಸೆನ್ಸರ್ ಹಾಕ್ಸಿ ಸರ್, ಹಿಂದಿನ ನಾಲ್ಕಕ್ಕೂ, ಸಿಗ್ನಲ್ ಬೂಸ್ಟರ್ ಜೊತೆ, ಉದ್ದ ಜಾಸ್ತಿ ಇರೋದ್ರಿಂದ ಸಿಗ್ನಲ್ ಮುಂದಕ್ಕೆ ಬರಲ್ಲ. ಕ್ಯಾಲಿಫೋರ್ನಿಯಾ ಕಡೆ ಹೋಗೋರು ಇದೂ ನೋಡ್ಕೊಳ್ಳಿ, ಏನೇ ಎಳ್ಕೊಂಡಿದ್ರೂ ಗಂಟೆಗೆ 55 ಮೈಲಿನೇ ಮಿತಿ, ಜೋಡಿ ಗಾಡಿ ಉದ್ದ ಸೇರಿ 65 ಅಡಿ. 40 ಅಡಿ ಬಸ್ಸು, ಟೋ ಬಾರು, ಜೀಪು ಎಲ್ಲಾ ಸೇರಿದ್ರೆ ಹತ್ರ ಹತ್ರ ಬಂದ್ಬಿಡುತ್ತೆ.

ಹೊಸಗಾಲಿ
ಹತ್ತು ದಿನ ಆದ್ಮೇಲೆ ಬಂದೆ. ಗೌಡ್ರು ಹೇಳಿದ ಹಾಗೆ ತೂಕ ಮಾಡ್ಸ್‌ಕೊಂಡು ಬಂದ್ವಿ, ನಾನು, ಮನೆಯವಳು, ಇಬ್ರು ಮಕ್ಕಳು, ಸಾಮಾನು ಎಲ್ಲಾ ಇದ್ದಾಗ.

ಮೋಟರ್‌ಹೋಮ್ 21,460. ಜೀಪ್ 4,380. ಒಟ್ಟು 25,840. ಮಿತಿ 26,000, ಅಂದ್ರೆ 160 ಪೌಂಡ್ ಉಳೀತು, ಪಾಸ್ ಆದೆ ಅಂತ ಖುಷಿಪಟ್ಟೆ. ವಾಪಸ್ ಬರೋವಾಗ ಮಗಳು ಕೇಳಿದ್ಲು, ಅಪ್ಪಾ ನೀರಿನ ಟ್ಯಾಂಕ್ ಫುಲ್ ಇತ್ತಾ ಅಂತ. ಕಾಲು ಭಾಗ ಇತ್ತು. ಟ್ಯಾಂಕ್ 60 ಗ್ಯಾಲನ್, ಇನ್ನೂ 45 ಹಿಡಿಯುತ್ತೆ, ಒಂದು ಗ್ಯಾಲನ್ 8.3 ಪೌಂಡ್ ಅಂದ್ರೆ 370ಕ್ಕೂ ಮೇಲೆ. ಟ್ಯಾಂಕ್ ತುಂಬಿಸಿದ ತಕ್ಷಣ 200 ಪೌಂಡ್ ಮಿತಿ ದಾಟಿದೆ. ಹಿಚ್ ಮೇಲೆ ಮಾತ್ರ 5,000 ಅಂತ ದೊಡ್ಡದಾಗಿ ಬರ್ದಿದೆ, ಅದನ್ನ ನೋಡ್ಕೊಂಡಿದ್ರೆ ಇನ್ನೂ 600 ಪೌಂಡ್ ಜಾಗ ಇದೆ ಅನ್ಕೊಂಡಿರ್ತಿದ್ದೆ.

ಹಂಗಾಗಿ ಇನ್ಮೇಲೆ ನೀರು ಕ್ಯಾಂಪಿಗೆ ಹೋಗೇ ತುಂಬಿಸೋದು. ಜೀಪಿನ ಹಿಂದೆ ಮಾರಿದವರು ಬಿಟ್ಟಿದ್ದ ಒಂದು ಟೂಲ್ ಪೆಟ್ಟಿಗೆ, ಎರಡು ಕಬ್ಬಿಣದ ಸರಪಳಿ ಇತ್ತು, ಅದನ್ನೂ ಇಳಿಸ್ದೆ. ಈಗ ಬ್ರೇಕ್ ಯಾವುದು ಅಂತ ಹೇಳಿ. ಸೀಟ್ ಮುಂದೆ ಇಟ್ಟು ಪೆಡಲ್ ಒತ್ತೋ ಡಬ್ಬ ಒಳ್ಳೇದಾ, ಒಳಗೇ ಪರ್ಮನೆಂಟಾಗಿ ಕೂರ್ಸೋದು ಒಳ್ಳೇದಾ?

ಹಳೇಸ್ಪ್ಯಾನರ್
ಮಗಳಿಗೆ ಒಂದು ಐಸ್‌ಕ್ರೀಂ ಕೊಡ್ಸಿ ಮೊದಲು.

ಡಬ್ಬದ ಲಾಭ, ಕಾರ್ ಬದಲಾಯಿಸಿದ್ರೂ ಅದೇ ನಡೆಯುತ್ತೆ. ತೊಂದ್ರೆ, ಪ್ರತಿ ಸಲ ಇಡ್ಬೇಕು, ತೆಗೀಬೇಕು, ಹೊಂದಿಸ್ಬೇಕು, ಸಣ್ಣ ದೂರಕ್ಕೆ ಜನ ಬೇಜಾರಾಗಿ ಇಡೋದೇ ಇಲ್ಲ. ನೀವು ಆ ಜಾತಿ ಅಂತ ಅನ್ಸಿದ್ರೆ ಕೂರಿಸಿದ್ದನ್ನೇ ತಗೊಳ್ಳಿ, ಒಂದು ಕೇಬಲ್ ಸಿಗಿಸಿದ್ರೆ ಮುಗೀತು. ಯಾವುದೇ ಆದ್ರೂ ಮೋಟರ್‌ಹೋಮಿನ ಬ್ರೇಕಿಗೆ ತಕ್ಕ ಹಾಗೆ ಹೆಚ್ಚು ಕಮ್ಮಿ ಒತ್ತೋದಿರ್ಲಿ, ಬರೀ ಆನ್ ಆಫ್ ಥರದ್ದು ಬೇಡ.

ಡಬ್ಬ ತಗೊಂಡ್ರೆ ಒಂದು ಗುಟ್ಟು. ಹೊಂದಿಸೋಕೆ ಮುಂಚೆ ಎಂಜಿನ್ ಆಫ್ ಮಾಡಿ ಪೆಡಲ್ಲನ್ನ ನಾಲ್ಕೈದು ಸಲ ಒತ್ತಿ ಗಟ್ಟಿಯಾಗೋವರೆಗೂ ಬೂಸ್ಟರಿನ (ಪೆಡಲ್ ಒತ್ತಿದ್ದಕ್ಕೆ ಬಲ ಸೇರ್ಸೋ ಭಾಗ) ವ್ಯಾಕ್ಯೂಮ್ ಖಾಲಿ ಮಾಡಿ. ವ್ಯಾಕ್ಯೂಮ್ ಉಳಿದಿದ್ರೆ ಅದೇ ಒತ್ತಡಕ್ಕೆ ಬ್ರೇಕ್ ತುಂಬಾ ಜೋರಾಗಿ ಹಿಡಿಯುತ್ತೆ. ಮೊದಲ ಐದಾರು ಮೈಲಿ ಆದ್ಮೇಲೆ ನಿಲ್ಸಿ ಕೈಯ ಹಿಂಭಾಗ ಚಕ್ರದ ಹತ್ರ ತಗೊಂಡೋಗಿ ನೋಡಿ, ಮುಟ್ಬೇಡಿ. ಒಂದು ಚಕ್ರ ಕಾದ ಕಾವಲಿ ಥರ ಶಾಖ ಹೊಡೀತಿದ್ರೆ ಬ್ರೇಕ್ ಬಿಡ್ತಿಲ್ಲ ಅಂತ ಅರ್ಥ, ಹಿಂದೆ ಬೆಂಕಿ ಹತ್ತೋದು ಹಿಂಗೇ.

ಜೀಪಿನ ಬ್ಯಾಟರಿಗೆ ಮೋಟರ್‌ಹೋಮಿಂದ ಒಂದು ಚಾರ್ಜ್ ಲೈನ್ ಎಳೆಸಿ. ಡಬ್ಬ ಆ ಬ್ಯಾಟರಿಯಿಂದಾನೇ ಕರೆಂಟ್ ತಗೊಳ್ಳೋದು, ಇಡೀ ದಿನ ಓಡಿ ಬ್ಯಾಟರಿ ಇಳಿದೋದ್ರೆ ಬ್ರೇಕೂ ಇಲ್ಲ, ಬ್ರೇಕ್‌ಅವೇನೂ ಇಲ್ಲ. ಸಂಜೆ ಜೀಪ್ ಸ್ಟಾರ್ಟೂ ಆಗಲ್ಲ, ಅದು ಬೇರೆ ಕಥೆ. ಟೋ ಬಾರ್ ಆದಷ್ಟು ಸಮತಟ್ಟಾಗಿರ್ಲಿ, ಮೂರು ನಾಲ್ಕು ಇಂಚಿಗಿಂತ ಜಾಸ್ತಿ ಏರು ಇಳುವು ಬೇಡ, ಜಾಸ್ತಿ ಇದ್ರೆ ಜೋರಾಗಿ ಬ್ರೇಕ್ ಹಾಕಿದಾಗ ಕಾರು ಕೆಳಗೆ ನುಗ್ಗೋಕೋ ಮೇಲೆ ಹತ್ತೋಕೋ ನೋಡುತ್ತೆ.

ಗಾಲಿಗಂಗಾ
ನಂದೊಂದು ಸೇರ್ಸಿ. ಕಟ್ಟೋವಾಗ ಒಬ್ರೇ ಕಟ್ಟಿ, ಇನ್ನೊಬ್ರು ಮಾತಾಡ್ದೆ ನಿಂತಿರ್ಲಿ. ಮುಗಿದ್ಮೇಲೆ ಇನ್ನೊಬ್ರು ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡ್ಲಿ, ಕಣ್ಣಲ್ಲಿ ಅಲ್ಲ. ಮಧ್ಯದಲ್ಲಿ ಯಾರಾದ್ರೂ ಬಂದು "ಎಷ್ಟು ಚೆನ್ನಾಗಿದೆ ನಿಮ್ಮ ಗಾಡಿ, ಎಷ್ಟು ಮೈಲೇಜ್ ಕೊಡುತ್ತೆ" ಅಂತ ಮಾತಿಗಿಳಿದ್ರೆ, ಅವರು ಹೋದ್ಮೇಲೆ ಮೊದಲಿಂದ ಶುರು ಮಾಡಿ. ನಾನು ಎಲ್ಲಾ ಕ್ಲಿಪ್ಪಿಗೂ ಕೆಂಪು ರಿಬ್ಬನ್ ಕಟ್ಟಿದೀನಿ, ಎಂಟು ರಿಬ್ಬನ್, ದೂರದಿಂದ್ಲೇ ಎಣಿಸ್ತೀನಿ.

ಕ್ಲೇಮ್‌ಸೀತಾ
ಆ ಎಂಟು ರಿಬ್ಬನ್ನಿನ ಫೋಟೋ ಪ್ರತಿ ಸಲ ಹೊರಡೋ ಮುಂಚೆ ತೆಗೀರಿ ಗಂಗಾ, ಫೋನಲ್ಲಿ ಹೊತ್ತು ತಾರೀಖು ತಾನಾಗೇ ಬರುತ್ತೆ. ಹೊಸಗಾಲಿ, ತೂಕದ ಚೀಟಿ, ಬ್ರೇಕ್ ಕೂರಿಸಿದ ಬಿಲ್ಲು, ಟಾರ್ಕ್ ನೋಡಿಸಿದ ತಾರೀಖು ಎಲ್ಲಾ ಒಂದು ಕಡೆ ಇಡಿ. ನೀರು ತುಂಬಿಸ್ಕೊಂಡು ಓಡ್ಸಿದ್ರೆ ಅದೇ ತೂಕದ ಚೀಟಿ ನಿಮ್ಮ ವಿರುದ್ಧನೂ ಹೋಗುತ್ತೆ, ಗೊತ್ತಿದ್ದೂ ಮಾಡಿದ್ರು ಅಂತ, ಅದೂ ನೆನಪಿರ್ಲಿ.

ಹೊಸಗಾಲಿ
ಅದು ಸರಿ ಮೇಡಂ. ಏಜೆಂಟಿಗೆ ಈಮೇಲ್ ಹಾಕಿದ್ದೆ, ಉತ್ತರ ಬಂತು. ಜೀಪಿನ ಮೇಲೆ ಕೊಲಿಶನ್ ಇರ್ಲಿಲ್ಲ! ಹಾಕ್ಸ್‌ಕೊಂಡೆ, ಎರಡನ್ನೂ ಒಂದೇ ಕಂಪನಿಗೆ ತಂದೆ. ಬ್ರೇಕ್ ಪರ್ಮನೆಂಟ್ ಥರದ್ದೇ ಹಾಕಿಸ್ತಿದೀನಿ, ನಾನು ಬೇಜಾರು ಪಟ್ಕೊಳ್ಳೋ ಜಾತಿನೇ ಅಂತ ಮನೆಯವಳು ಸರ್ಟಿಫಿಕೇಟ್ ಕೊಟ್ಟಿದಾಳೆ.

ರೋಡ್‌ರಂಗ
ಗುರು, ಆ ಮ್ಯಾನ್ಯುಯಲಲ್ಲಿ ಬ್ರೇಕ್ ವಿಷ್ಯ ಯಾವ ಭಾಗದಲ್ಲಿರುತ್ತೆ? ಹಾಕ್ತೀನಿ ಅಂತ ಅಲ್ಲ, ಸುಮ್ನೆ ಕೇಳ್ದೆ. ಡ್ರಾಯರ್‌ನಲ್ಲೆಲ್ಲಾ ಹುಡುಕ್ದೆ, ನಂದು ಸಿಗ್ತಿಲ್ಲ.

ಹಳೇಸ್ಪ್ಯಾನರ್
ಚಾಸಿ ಮೇಲೆ ಮನೆ ಭಾಗ ಕಟ್ಟಿದ ಕಂಪನಿ ಪುಸ್ತಕ ಬೇರೆ, ಚಾಸಿ ಕಂಪನಿ ಪುಸ್ತಕ ಬೇರೆ ರಂಗಣ್ಣ, ನಿಮಗೆ ಬೇಕಿರೋದು ಎರಡನೇದು, ಅದರಲ್ಲಿ ಟೋಯಿಂಗ್ ಅಂತ ಇರೋ ಭಾಗ ನೋಡಿ. ಅದು ಸಿಗೋವರೆಗೂ ಡ್ರೈವರ್ ಸೀಟಿನ ಹತ್ರ ಗೋಡೆ ಮೇಲೋ ಬಾಗಿಲ ಚೌಕಟ್ಟಲ್ಲೋ ತೂಕದ ಪಟ್ಟಿ ಅಂಟಿಸಿರ್ತಾರೆ, ಫೋಟೋ ತೆಗೆದು ಇಲ್ಲಿ ಹಾಕಿ. ಹಿಚ್ ಮೇಲಿನ ಸ್ಟಿಕ್ಕರ್ ಫೋಟೋ ಬೇಡ.